ನೌಕರರ ಕೌಶಲ ತರಬೇತಿಗೆ ಸರ್ಕಾರಿ ಧನಸಹಾಯ: ಹೈದರಾಬಾದ್

ಉದ್ದಿಮೆಗಳು ತಮ್ಮಲ್ಲಿ ದುಡಿಯುವವರಿಗೆ ಕೆಲಸ ಕಲಿಸಲು ಅಥವಾ ಅವರ ಕೌಶಲವನ್ನು ಹೆಚ್ಚಿಸಲು ಮಾಡುವ ವೆಚ್ಚದ ಒಂದು ಪಾಲನ್ನು ಸರ್ಕಾರ ಹೊರುವ ವ್ಯವಸ್ಥೆ ಹೈದರಾಬಾದ್‌ನಲ್ಲಿ ಮೂರು ಬಗೆಯಲ್ಲಿ ಬೆಳೆದಿದೆ: ಸರ್ಕಾರವೇ ತರಬೇತಿ ಸಂಸ್ಥೆಗಳನ್ನು ನಡೆಸುವುದು, ಅಪ್ರೆಂಟಿಸ್‌ಗಳ, ಅಂದರೆ ಕೆಲಸದ ಸ್ಥಳದಲ್ಲೇ ಕಲಿಯುವ ಶಿಶಿಕ್ಷುಗಳ, ಶಿಷ್ಯವೇತನದಲ್ಲಿ ಪಾಲು ಕೊಡುವುದು ಮತ್ತು ಮಾಲೀಕರು ಮಾಡಿದ ವೆಚ್ಚವನ್ನು ಮರುಪಾವತಿ ಮಾಡುವುದು. ಈ ಮೂರನ್ನೂ ಕೌಶಲಾಭಿವೃದ್ಧಿ ಎಂಬ ಒಂದೇ ಹೆಸರಿನಡಿ ಸೇರಿಸುವ ಬರಹಗಳಲ್ಲಿ ಇತಿಹಾಸ 2014ರ ನಂತರವೇ ಶುರುವಾದಂತೆ ಕಾಣುತ್ತದೆ. ವಾಸ್ತವದಲ್ಲಿ ಅದರ ಬೇರು ಅದಕ್ಕಿಂತ ಅರ್ಧ ಶತಮಾನ ಹಿಂದಿನದು.

1960ರಲ್ಲಿ ದೆಹಲಿಯಲ್ಲಿ ಆರಂಭವಾಗಿದ್ದ ಕೇಂದ್ರ ಸರ್ಕಾರದ ಕೈಗಾರಿಕಾ ವಿಸ್ತರಣಾ ತರಬೇತಿ ಸಂಸ್ಥೆ 1962ರಲ್ಲಿ ಹೈದರಾಬಾದ್‌ಗೆ ಸ್ಥಳಾಂತರಗೊಂಡು, ಸಣ್ಣ ಕೈಗಾರಿಕಾ ವಿಸ್ತರಣಾ ತರಬೇತಿ ಸಂಸ್ಥೆ (ಸಿಯೆಟ್) ಎಂಬ ಹೆಸರು ಪಡೆಯಿತು. ಯೂಸುಫ್‌ಗುಡದಲ್ಲಿರುವ ಇಂದಿನ ರಾಷ್ಟ್ರೀಯ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಸಂಸ್ಥೆ (ನಿ-ಎಂಎಸ್‌ಎಂಇ) ಇದೇ. ಇದರ ಚರಿತ್ರೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡಿರುವ ಮತ್ತು ಅಷ್ಟೇ ಗೊಂದಲಕ್ಕೀಡಾಗಿರುವ ಘಟನೆ ಕಾಕಿನಾಡ ಪ್ರಯೋಗ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಸಾಧನಾ ಪ್ರೇರಣೆಯ ಸಿದ್ಧಾಂತ, ಅಂದರೆ ಗುರಿ ಮುಟ್ಟುವ ಹಂಬಲವನ್ನು ವಯಸ್ಕರಲ್ಲೂ ತರಬೇತಿಯಿಂದ ಬೆಳೆಸಬಹುದೆಂಬ ವಾದವನ್ನು ಪರೀಕ್ಷಿಸಲು, 1964ರಲ್ಲಿ ಕಾಕಿನಾಡದ 52 ಮಂದಿ ವ್ಯಾಪಾರಿಗಳು ಮತ್ತು ಉದ್ಯಮಿಗಳಿಗೆ ಇಲ್ಲಿ ತರಬೇತಿ ಕೊಡಲಾಯಿತು. ಹೆಸರು ಕಾಕಿನಾಡದ್ದಾದರೂ ಪಾಠ ನಡೆದದ್ದು ಹೈದರಾಬಾದ್‌ನಲ್ಲಿ. ವಾಣಿಜ್ಯಶಾಸ್ತ್ರದ ಅನೇಕ ಪಠ್ಯಪುಸ್ತಕಗಳು ತರಬೇತಿಯ ಅವಧಿಯನ್ನು ಮೂರು ತಿಂಗಳೆಂದು ಬರೆದಿವೆ. ಆದರೆ ಮೆಕ್‌ಕ್ಲೆಲೆಂಡ್ ಮತ್ತು ಡೇವಿಡ್ ವಿಂಟರ್ 1969ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬರುವುದು ಸುಮಾರು ಹತ್ತು ದಿನಗಳ ಶಿಬಿರ. ಸಾರ್ವಜನಿಕ ಹಣದಲ್ಲಿ ಎಷ್ಟು ತರಬೇತಿಗೆ ಎಷ್ಟು ಫಲ ಎಂಬ ಲೆಕ್ಕವೇ ಈ ಅವಧಿಯನ್ನು ಅವಲಂಬಿಸಿರುವುದರಿಂದ ಇದನ್ನು ಸಣ್ಣ ವ್ಯತ್ಯಾಸವೆಂದು ಬಿಡಲಾಗದು. ತರಬೇತಿ ಪಡೆದವರು ಆಮೇಲೆ ವ್ಯವಹಾರದಲ್ಲಿ ಹೆಚ್ಚು ಚಟುವಟಿಕೆ ತೋರಿದರೆಂಬುದು ಆ ಅಧ್ಯಯನದ ತೀರ್ಮಾನವಾಗಿತ್ತು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಕಲಿಕೆಯ ಫಲಾನುಭವಿ ಇಲ್ಲಿ ಮಾಲೀಕನೇ ಹೊರತು ಅವನ ಕೈಕೆಳಗಿನ ಕೆಲಸಗಾರನಲ್ಲ.

ಕೆಲಸಗಾರನ ಸರದಿ ಬಂದದ್ದು ನಿಧಾನವಾಗಿ. 1968ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನೆರವಿನಿಂದ ಬಾಲಾನಗರದಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ (ಸಿಐಟಿಡಿ) ತೆರೆಯಿತು. ಅವೇ ಸಂಸ್ಥೆಗಳ ಸಹಕಾರದಲ್ಲಿ 1977ರ ಅಕ್ಟೋಬರ್‌ನಲ್ಲಿ ಆರಂಭವಾದ ಉನ್ನತ ವೃತ್ತಿ ತರಬೇತಿ ಯೋಜನೆ, ಈಗಾಗಲೇ ಕೆಲಸದಲ್ಲಿರುವ ಕಾರ್ಮಿಕರಿಗೆಂದೇ ರೂಪುಗೊಂಡಿದ್ದು, ಅದನ್ನು ಜಾರಿಗೆ ತಂದ ಕೇಂದ್ರಗಳಲ್ಲಿ ಹೈದರಾಬಾದ್ ಕೂಡ ಒಂದು. ಕಾರ್ಖಾನೆ ತನ್ನ ಕೆಲಸಗಾರನನ್ನು ಕೆಲವೇ ವಾರಗಳ ಮಟ್ಟಿಗೆ ಬಿಟ್ಟುಕೊಟ್ಟರೆ, ಯಂತ್ರ, ಬೋಧಕ, ಕಟ್ಟಡ ಇವೆಲ್ಲದರ ಭಾರ ಸರ್ಕಾರದ್ದಾಗಿತ್ತು.

1961ರ ಅಪ್ರೆಂಟಿಸ್ ಕಾಯ್ದೆಯ ದಾರಿ ಬೇರೆ. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರ ವ್ಯಾಪ್ತಿಗೆ ತಂದಿತು. ಅವರ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರ ಉದ್ದಿಮೆಗೆ ಭರಿಸಿಕೊಡುವ ಪದ್ಧತಿ ಬೆಳೆಯಿತು. ಹೈದರಾಬಾದ್‌ನ ಕಾರ್ಖಾನೆಗಳಿಗೂ ಕರ್ನಾಟಕದ ಕಾರ್ಖಾನೆಗಳಿಗೂ ಇದನ್ನು ನೋಡಿಕೊಳ್ಳುವುದು ಚೆನ್ನೈನಲ್ಲಿರುವ ಒಂದೇ ಮಂಡಳಿ. ಐಟಿಐ ಮಟ್ಟದ ಶಿಶಿಕ್ಷುಗಳ ಶಿಷ್ಯವೇತನ ಮಾತ್ರ ಬಹುಪಾಲು ಮಾಲೀಕರ ಹೆಗಲ ಮೇಲೇ ಉಳಿಯಿತು.

ಮರುಪಾವತಿಯ ಬಗೆ ರಾಜ್ಯದ ಕೈಗಾರಿಕಾ ನೀತಿಗಳ ಮೂಲಕ ಬಂತು. ಅವಿಭಜಿತ ಆಂಧ್ರಪ್ರದೇಶದ 2010–15ರ ನೀತಿಯಲ್ಲಿ, ಸ್ಥಳೀಯರಿಗೆ ತರಬೇತಿ ಕೊಟ್ಟ ಉದ್ದಿಮೆಗೆ ವೆಚ್ಚದ ಅರ್ಧವನ್ನು, ತಲಾ 2,000 ರೂಪಾಯಿಯ ಮಿತಿಯೊಳಗೆ, ಹಿಂದಿರುಗಿಸುವ ಅಂಶವಿತ್ತು. 2014ರ ನವೆಂಬರ್‌ನಲ್ಲಿ ಹೊಸ ರಾಜ್ಯ ತೆಲಂಗಾಣ ಹೊರಡಿಸಿದ ಟಿ-ಐಡಿಯಾ ಯೋಜನೆಯಲ್ಲೂ ಅದೇ 2,000 ರೂಪಾಯಿಯ ಮಿತಿ ಮುಂದುವರಿಯಿತು. ರಾಜ್ಯ ಬದಲಾದರೂ ಮೊತ್ತ ಬದಲಾಗದ್ದು, ನೆಲ ಮತ್ತು ವಿದ್ಯುತ್ತಿನ ರಿಯಾಯಿತಿಗಳ ಮುಂದೆ ತರಬೇತಿಗೆ ದೊರೆತ ಸ್ಥಾನವನ್ನು ತಿಳಿಸುತ್ತದೆ.

2016ರ ಆಗಸ್ಟ್ 19ರಂದು ಜಾರಿಗೆ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ (ನ್ಯಾಪ್ಸ್) ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಭರಿಸುವ ನಿಯಮ ಮಾಡಿತು. ಶಿಷ್ಯವೇತನ 6,000 ರೂಪಾಯಿ ಎಂದಿಟ್ಟುಕೊಂಡರೆ, ಮಾಲೀಕ ಮೊದಲು ಪೂರ್ತಿ 6,000 ಪಾವತಿಸಿ, ಅದರ ದಾಖಲೆಯನ್ನು ಪೋರ್ಟಲ್‌ಗೆ ಸೇರಿಸಿ, 1,500ಕ್ಕೆ ಕ್ಲೇಮು ಸಲ್ಲಿಸಬೇಕಿತ್ತು. ಲೆಕ್ಕಪತ್ರಕ್ಕೆಂದೇ ಬೇರೆ ಗುಮಾಸ್ತನಿಲ್ಲದ ಸಣ್ಣ ವರ್ಕ್‌ಶಾಪಿಗೆ ಇದು ದೊಡ್ಡ ತೊಡಕು. 2023ರ ಆಗಸ್ಟ್‌ನಲ್ಲಿ ನೇರ ನಗದು ವರ್ಗಾವಣೆಗೆ ಚಾಲನೆ ಸಿಕ್ಕ ಮೇಲೆ ಸರ್ಕಾರದ ಪಾಲು ಶಿಶಿಕ್ಷುವಿನ ಬ್ಯಾಂಕ್ ಖಾತೆಗೇ ಹೋಗುತ್ತಿದೆ. ಮಾಲೀಕನಿಗೆಂದು ಹುಟ್ಟಿದ ನೆರವು ಮಾಲೀಕನ ಕೈಗೆ ಬಾರದೆಯೇ ಅವನ ಖರ್ಚನ್ನು ತಗ್ಗಿಸುವ ಈ ಬದಲಾವಣೆ, ಯೋಜನೆಯ ಆರಂಭಕ್ಕಿಂತಲೂ ಮುಖ್ಯವಾದ ತಿರುವು.

2024ರಲ್ಲಿ ತೆಲಂಗಾಣ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 65 ಐಟಿಐಗಳನ್ನು ಉನ್ನತ ತಂತ್ರಜ್ಞಾನ ಕೇಂದ್ರಗಳನ್ನಾಗಿ ಮಾರ್ಪಡಿಸುವ ಕೆಲಸಕ್ಕೆ ನಗರದ ಮಲ್ಲೇಪಲ್ಲಿ ಐಟಿಐಯಲ್ಲಿ ಶಂಕುಸ್ಥಾಪನೆ ನೆರವೇರಿಸಿತು. ಹಣ ಮತ್ತೆ ಸಂಸ್ಥೆಗಳತ್ತ ಹರಿಯಿತು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿಯು 5,000ದಿಂದ 9,000 ರೂಪಾಯಿವರೆಗಿದ್ದ ಶಿಷ್ಯವೇತನವನ್ನು 6,800ರಿಂದ 12,300 ರೂಪಾಯಿಗೆ ಏರಿಸಲು ಶಿಫಾರಸು ಮಾಡಿತು. 1,500 ರೂಪಾಯಿಯ ಮಿತಿ ಹಾಗೆಯೇ ಉಳಿದರೆ, ಈ ಏರಿಕೆಯ ನಂತರ ಅತಿ ಕೆಳಗಿನ ಹಂತದಲ್ಲೂ ಸರ್ಕಾರದ ಪಾಲು ಕಾಲು ಭಾಗಕ್ಕಿಂತ ಕಡಿಮೆಯಾಗಿ, ಉಳಿದ ಹೊರೆ ಉದ್ದಿಮೆಯ ಮೇಲೆ ಬೀಳುತ್ತದೆ.