ಹಿಮದ ಗಾಡಿಯ ಹಲ್ಲುಚಕ್ರ: ಸವೆದ ರಬ್ಬರ್‌ಗೆ ಅಂಟು ಹಚ್ಚಿದರೆ ಸಾಕೇ?

ಹಿಮ ಮೆತ್ತಗಿರುತ್ತದೆ, ತಣ್ಣಗಿರುತ್ತದೆ. ಅದರ ಮೇಲೆ ಓಡುವ ಗಾಡಿಯ ರಬ್ಬರ್ ಸವೆಯುವುದಾದರೂ ಹೇಗೆ ಎಂದು ಅನ್ನಿಸುವುದು ಸಹಜ. ಆದರೆ ಸವೆಯುತ್ತದೆ. ಅದಕ್ಕೆ ಅಂಟು ಹಚ್ಚಿ ಹೊರಟರೆ, ಮೈನಸ್ 20 ಡಿಗ್ರಿ ಚಳಿಯಲ್ಲಿ ಜನವಸತಿಯೇ ಇಲ್ಲದ ಕಡೆ ಗಾಡಿ ನಿಂತುಬಿಡಬಹುದು.

ನಾವು ಹೇಳುತ್ತಿರುವುದು ಚಕ್ರದ ಬದಲು ಅಗಲವಾದ ಪಟ್ಟಿಗಳ ಮೇಲೆ ಓಡುವ ಗಾಡಿಯ ಬಗ್ಗೆ. ಎಂಜಿನ್ನಿನ ಶಕ್ತಿಯನ್ನು ಪಟ್ಟಿಗೆ ದಾಟಿಸುವುದು ಸ್ಪ್ರಾಕೆಟ್ ಎಂಬ ಹಲ್ಲುಚಕ್ರ. ಸೈಕಲ್ ಚೈನು ಎಳೆಯುವ ಚಕ್ರದ ದೊಡ್ಡಣ್ಣ ಎನ್ನಿ. ಬರೀ ಉಕ್ಕಿನದಾದರೆ ಹಲ್ಲುಗಳ ನಡುವೆ ಹಿಮ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರಬ್ಬರ್ ಬಾಗುವುದರಿಂದ ಅದು ಉದುರಿಹೋಗುತ್ತದೆ. ಕೆನಡಾದ ಕ್ವಿಬೆಕ್‌ನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ 1937ರಲ್ಲಿ ಪೇಟೆಂಟ್ ಪಡೆದದ್ದು ಇಂಥ ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ಪಟ್ಟಿಗೇ. 1934ರ ಚಳಿಗಾಲದಲ್ಲಿ ರಸ್ತೆಗಳು ಹಿಮದಲ್ಲಿ ಮುಚ್ಚಿ, ಆಸ್ಪತ್ರೆಗೆ ಒಯ್ಯಲಾಗದೆ ಅವರ ಪುಟ್ಟ ಮಗ ತೀರಿಕೊಂಡಿದ್ದ.

ರಬ್ಬರನ್ನು ತಿನ್ನುವುದು ಹಿಮಕ್ಕಿಂತ ಹೆಚ್ಚಾಗಿ ಮರಳು ಮತ್ತು ಜಲ್ಲಿ. ಶೆಡ್ಡಿನಿಂದ ಹಿಮದವರೆಗೆ ಬರಿ ನೆಲದ ಮೇಲೆ ಓಡಿಸಿದರೂ ಸವೆತವೇ. ಬಿಸಿಲಿಗೆ, ಗಾಳಿಯ ಓಝೋನ್‌ಗೆ ರಬ್ಬರ್ ಬಿರುಕು ಬಿಡುತ್ತದೆ. ಬಿರುಕಿನೊಳಗೆ ನೀರಿಳಿದರೆ ಉಕ್ಕು ತುಕ್ಕು ಹಿಡಿಯುತ್ತದೆ, ಮೇಲಿನ ರಬ್ಬರ್ ಸಿಪ್ಪೆಯಂತೆ ಏಳುತ್ತದೆ. ಏರು ಹತ್ತುವಾಗ ಪಟ್ಟಿ ಟಕ್ ಟಕ್ ಎಂದು ಹಾರಿದರೆ, ಹಲ್ಲಿನಲ್ಲಿ ಲೋಹ ಇಣುಕಿದರೆ ಇನ್ನು ಕಾಯಬೇಡಿ.

ಅಂಟು ಸಾಲದೇ? ಸಾಲದು. ಈ ರಬ್ಬರ್ ಬರೀ ಹೊದಿಕೆಯಲ್ಲ, ಅದೊಂದು ಅಳತೆ. ಪಟ್ಟಿಗೆ ಅಡ್ಡಲಾಗಿರುವ ಕಂಬಿಗಳ ನಡುವಿನ ಅಂತರಕ್ಕೆ ಹಲ್ಲುಗಳು ಹೊಂದಬೇಕು. ಕೈಯಲ್ಲಿ ಮೆತ್ತಿದ ತೇಪೆ ದಪ್ಪವಾದರೂ ತಪ್ಪು, ತೆಳುವಾದರೂ ತಪ್ಪು. ಅಲ್ಲದೆ ಟ್ಯೂಬಿನ ಪಂಕ್ಚರ್ ಅಂಟಿಗೆ ಟನ್‌ಗಟ್ಟಲೆ ತೂಕದ ಗಾಡಿಯ ಎಳೆತ ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಸರಿಯಾದ ದಾರಿ ಎಂದರೆ ಹೊಸ ಹಲ್ಲುಚಕ್ರ ಹಾಕುವುದು, ಇಲ್ಲವೇ ಹಳೆಯ ಉಕ್ಕಿಗೆ ಹೊಸ ಹೊದಿಕೆ ಎರೆಸುವುದು. ಎರಕಕ್ಕೆ ಮೊದಲು ಹಳೆಯ ರಬ್ಬರನ್ನು ಪೂರ್ತಿ ತೆಗೆದು, ಮರಳು ಚಿಮ್ಮಿಸಿ ಉಕ್ಕನ್ನು ಹೊಳೆಯುವಂತೆ ಉಜ್ಜುತ್ತಾರೆ. ಮೇಲೆ ಬಂಧಕ ದ್ರಾವಣ ಬಳಿದು, ಅಚ್ಚಿನಲ್ಲಿಟ್ಟು ದ್ರವ ಪಾಲಿಯುರೆಥೇನ್ ಸುರಿದು, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಚಳಿಗೆ ಕಲ್ಲಾಗದ ಬಗೆಯನ್ನೇ ಕೇಳಿ ಮಾಡಿಸಬೇಕು. ಹಳೆಯ ರಬ್ಬರನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುವ ಉಪಾಯ ಬೇಡ, ಆ ಹೊಗೆ ವಿಷ.

ಬಿಚ್ಚುವ ಮುನ್ನ ಕೀಲಿ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಗಾಡಿಗೆ ಜ್ಯಾಕ್ ಜೊತೆಗೆ ಗಟ್ಟಿ ಆಸರೆಯನ್ನೂ ಕೊಡಿ. ಬಿಗಿದ ಪಟ್ಟಿ ಬೆರಳು ಕತ್ತರಿಸಬಲ್ಲದು. ಒಂದೇ ಬದಿ ಬದಲಿಸಿ ದುಡ್ಡು ಉಳಿಸಲು ಹೋಗಬೇಡಿ. ಎರಡು ಬದಿಯ ಅಳತೆ ಬೇರೆಯಾದರೆ ಗಾಡಿ ಒಂದು ಕಡೆಗೆ ಎಳೆಯಬಹುದು. ಹೊಸದು ಹಾಕಿ ಕೆಲವು ಗಂಟೆ ಓಡಿಸಿದ ಮೇಲೆ ಪಟ್ಟಿಯ ಬಿಗಿತವನ್ನೂ ಬೋಲ್ಟುಗಳನ್ನೂ ಇನ್ನೊಮ್ಮೆ ನೋಡಿ.