ಕನ್ನಡದ ಸಮಕಾಲೀನ ಕ್ರೈಸ್ತ ಆರಾಧನಾ ಗೀತೆಗಳು

ಸಮಕಾಲೀನ ಕ್ರೈಸ್ತ ಆರಾಧನಾ ಗೀತೆಗಳು ಗಿಟಾರ್, ಕೀಬೋರ್ಡ್, ಡ್ರಮ್ ಮೊದಲಾದ ವಾದ್ಯಗಳೊಂದಿಗೆ ಸಭೆಯೆಲ್ಲ ಕೂಡಿ ಹಾಡುವ ಸರಳ ರಚನೆಗಳು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಯುವಜನರ ನಡುವೆ ಹುಟ್ಟಿದ ಜೀಸಸ್ ಚಳವಳಿಯಲ್ಲಿ ಇವು ರೂಪುಗೊಂಡವು. 1990ರ ದಶಕದಲ್ಲಿ ಆಸ್ಟ್ರೇಲಿಯದ ಹಿಲ್‌ಸಾಂಗ್ ಚರ್ಚಿನ ಧ್ವನಿಮುದ್ರಿಕೆಗಳು ಇವನ್ನು ಬಹುದೂರ ಒಯ್ದವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸಭೆಗಳಲ್ಲಿ ಇವು ಹೆಚ್ಚಾಗಿ ಕನ್ನಡ, ತೆಲುಗು, ತಮಿಳು ರೂಪಗಳಲ್ಲಿ ಕೇಳಿಬರುತ್ತವೆ.

ಹಿನ್ನೆಲೆ

ಕನ್ನಡದಲ್ಲಿ ಕ್ರೈಸ್ತ ಗೀತರಚನೆಗೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯ ಪರಂಪರೆಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಗೀತೆಗಳನ್ನು ಕನ್ನಡಕ್ಕೆ ತಂದರು. ಫರ್ಡಿನೆಂಡ್ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿ 1862ರಲ್ಲಿ 'ಕಥಾಮಾಲೆ'ಯನ್ನು ಪ್ರಕಟಿಸಿದರು. ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿದವರೂ ಅವರೇ ಎಂಬುದು ಇಲ್ಲಿ ನೆನೆಯತಕ್ಕದ್ದು. ಕ್ಯಾಥೊಲಿಕ್ ಪೂಜಾವಿಧಿಯಲ್ಲಿ ಲ್ಯಾಟಿನ್ನಿನ ಸ್ಥಾನಕ್ಕೆ ದೇಶಭಾಷೆಗಳು ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ.

ಭಾಷೆ ಮತ್ತು ಲಯ

ಹೊಸ ಗೀತೆಗಳಲ್ಲಿ ಬಹುಪಾಲು ಅನುವಾದಗಳು. ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರದ ಪದಗಳಿಗೆ ಕೂಡಿಸಿದ ರಾಗಕ್ಕೆ, ವಿಭಕ್ತಿ ಪ್ರತ್ಯಯಗಳು ಸೇರಿ ನಾಲ್ಕೈದು ಅಕ್ಷರಗಳಾಗುವ ಕನ್ನಡ ಪದಗಳನ್ನು ಹೊಂದಿಸಬೇಕಾಗುತ್ತದೆ. ಆಗ ಹ್ರಸ್ವ ದೀರ್ಘವಾಗುತ್ತದೆ, ಒತ್ತು ತಪ್ಪಾದ ಅಕ್ಷರದ ಮೇಲೆ ಬೀಳುತ್ತದೆ, ಪದವು ನಡುವೆ ಮುರಿಯುತ್ತದೆ. 'ಬಲ' ಎಂಬುದನ್ನು 'ಬಾಲ' ಎಂದು ಎಳೆದರೆ ಅರ್ಥವೇ ಬೇರೆಯಾಗುವುದು. ತೆಲುಗು, ತಮಿಳಿನಿಂದ ಬಂದ ಹಾಡುಗಳಲ್ಲಿ ಪದರಚನೆ ಸಮೀಪದ್ದಾದುದರಿಂದ ಈ ತೊಡಕು ಕಡಿಮೆ. ತಮಿಳಿನ ಫಾದರ್ ಬರ್ಕ್‌ಮನ್ಸ್ ಅವರ ಗೀತೆಗಳು ಕನ್ನಡದಲ್ಲಿ ಸುಲಭವಾಗಿ ನೆಲೆಗೊಂಡಿವೆ. ದೇವರನ್ನು 'ನೀವು' ಎನ್ನದೆ 'ನೀನು' ಎಂದೇ ಕರೆಯುವ ರೂಢಿ ಈ ಗೀತೆಗಳಲ್ಲೂ ಉಳಿದಿದೆ. ವಚನಕಾರರದೂ ದಾಸರದೂ ಅದೇ ಸಂಬೋಧನೆ.

ಹಳೆಯ ಕೀರ್ತನೆಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು, ವಾರಕ್ಕೊಂದರಂತೆ ಪರದೆಯ ಮೇಲೆ ಮೂಡುವ ಹೊಸ ಹಾಡುಗಳ ಮುಂದೆ ಕೇಳುಗರಾಗಿಬಿಡುವುದುಂಟು. ಸಭೆಯೇ ಹಾಡಬೇಕೆಂಬುದು ಈ ಪ್ರಕಾರದ ಮೂಲ ಆಶಯವಾದ್ದರಿಂದ ಇದು ಸಣ್ಣ ನಷ್ಟವಲ್ಲ. ಕೆಲವು ತಂಡಗಳು ಹಳೆಯ ಕೀರ್ತನೆಯನ್ನೇ ಗಿಟಾರ್ ಸ್ವರಮೇಳದೊಡನೆ ಹಾಡಿ ಎರಡು ತಲೆಮಾರುಗಳನ್ನೂ ಸೇರಿಸಿಕೊಳ್ಳುತ್ತವೆ.

ವಾದನ

ಸಾಮಾನ್ಯವಾಗಿ ಮೂರು ನಾಲ್ಕು ಸ್ವರಮೇಳಗಳಲ್ಲಿ (ಜಿ, ಡಿ, ಇ ಮೈನರ್, ಸಿ) ಇಡೀ ಹಾಡು ಮುಗಿಯುತ್ತದೆ. ವೇಗದ ಸ್ತುತಿಗೀತೆ ಮೊದಲು, ನಿಧಾನದ ಆರಾಧನೆ ಬಳಿಕ ಬರುತ್ತದೆ. ಸಣ್ಣ ಸಭೆಗಳಲ್ಲಿ ಡ್ರಮ್ ಬದಲಿಗೆ ಢೋಲಕ್ ಅಥವಾ ಕೀಬೋರ್ಡಿನ ಸಿದ್ಧತಾಳವೇ ಸಾಕಾಗುತ್ತದೆ. ಗಂಡುಸ್ವರಕ್ಕೆ ಆರಿಸಿದ ಶ್ರುತಿ ಹೆಂಗಸರಿಗೆ ಹೊಂದದಿರುವುದು ಸಾಮಾನ್ಯ ದೋಷ; ಗಿಟಾರಿನಲ್ಲಿ ಕ್ಯಾಪೊ ಸರಿಸಿ ಇದನ್ನು ತಿದ್ದಿಕೊಳ್ಳಬಹುದು.

ಕಾನೂನು

1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ವಿಧಿಯಂತೆ ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಗೀತೆಯನ್ನು ಹಾಡುವುದು ಉಲ್ಲಂಘನೆಯಲ್ಲ. ಆದರೆ ಅನುವಾದಿಸಿ ಮುದ್ರಿಸಲು ಅಥವಾ ಧ್ವನಿಮುದ್ರಿಸಿ ಯೂಟ್ಯೂಬಿನಲ್ಲಿ ಪ್ರಕಟಿಸಲು ಹಕ್ಕುದಾರರ ಅನುಮತಿ ಬೇಕು. ಬಡಾವಣೆಯ ಬಾಡಿಗೆ ಕಟ್ಟಡಗಳಲ್ಲಿ ಕೂಡುವ ಸಭೆಗಳಿಗೆ 2000ದ ಶಬ್ದಮಾಲಿನ್ಯ ನಿಯಮಗಳೂ ಮುಖ್ಯ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದ್ದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬದ ಸಂದರ್ಭಗಳಲ್ಲಿ ನಡುರಾತ್ರಿ 12ರವರೆಗೆ, ವರ್ಷಕ್ಕೆ 15 ದಿನ ಮೀರದಂತೆ, ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು.