ಎಳ್ಳಮಾವಾಸ್ಯೆ, ಯೇಳವಸ

ಮಾರ್ಗಶಿರದ ಅಮಾವಾಸ್ಯೆಗೆ ಬೀದರ್ ಸೀಮೆಯ ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಹಬ್ಬದ ಹೆಸರಿನಲ್ಲಿ ಎಳ್ಳಿದ್ದರೂ ಊಟದ ಯಜಮಾನಿಕೆ ಭಜ್ಜಿಯದು: ಹಸಿಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿ ಬೆಂದದ್ದು. ಜೊತೆಗೆ ಜೋಳದ ಅಂಬಲಿ, ಕಡುಬು. ಉಣ್ಣುವ ಮೊದಲು ನಿಂತ ಬೆಳೆಗೆ ಚರಗ ಚೆಲ್ಲಬೇಕು. ಬಸುರಿ ಭೂತಾಯಿಗೆ ಅದು ಸೀಮಂತದೂಟ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಭಾಷೆ ನೋಡಿ ಹಂಚಿದರು. ಬೀದರ್ ಜಿಲ್ಲೆಯೇ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಈಗ ಅವು ಲಾತೂರು ಜಿಲ್ಲೆಯಲ್ಲಿವೆ. ಮನೆಮಾತಿನ ಲೆಕ್ಕಕ್ಕೆ ಅದು ಸರಿಯೇ ಇರಬಹುದು. ಹೊಲದ ಲೆಕ್ಕ ಬೇರೆ. ಅಲ್ಲಿನ ಮರಾಠಿ ರೈತರೂ ಅದೇ ದಿನ ಅದೇ ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ನಡೆಯುತ್ತಾರೆ. ಹಬ್ಬವನ್ನು ಅವರು ಕರೆಯುವುದು ‘ಯೇಳವಸ’ ಎಂದು. ನಾಲಿಗೆಯ ಮೇಲೆ ಸವೆದ ನಮ್ಮ ಎಳ್ಳಮಾವಾಸ್ಯೆ.